ಹತ್ತು ದಿನ ನಾಯಿ ಕಾಯೋದು

ನಾನು ಹೊಟ್ಟೆಪಾಡಿಗೆ ಏನು ಮಾಡ್ತೀನಿ ಅನ್ನೋದು ನಮ್ಮ ಬಳಗದಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪಬ್ಲಿಕ್ ರಿಲೇಷನ್ಸ್ ಅಂದರೆ ಅಮ್ಮನ ಪ್ರಕಾರ ಅದು "ಪೇಪರಿನವರ ಜೊತೆ ಮಾತಾಡೋ ಕೆಲಸ". ಸೋದರತ್ತೆಯಂತೂ ಪರಿಚಯದವರು ಯಾರು ತೀರಿಕೊಂಡರೂ ಶ್ರದ್ಧಾಂಜಲಿ ಜಾಹೀರಾತಿನ ರೇಟು ಕೇಳೋಕೆ ನನಗೇ ಫೋನ್ ಮಾಡ್ತಾರೆ. ನಾನೂ ತಿದ್ದೋಕೆ ಹೋಗಿಲ್ಲ. ತಿದ್ದಿ ಏನಂತ ಹೇಳೋದು? ಬಿಸ್ಕತ್ತಿನ ಪ್ಯಾಕೆಟ್ಟಿನಲ್ಲಿ ಹುಳ ಸಿಕ್ಕಾಗ, ಗೋಡೌನಿಗೆ ಬೆಂಕಿ ಬಿದ್ದಾಗ, ಯಜಮಾನರ ಮಗ ಕುಡಿದು ಕಾರು ಗುದ್ದಿದಾಗ ಕಂಪನಿಯವರು ಏನು ಹೇಳಬೇಕು, ಅದಕ್ಕಿಂತ ಮುಖ್ಯವಾಗಿ ಏನು ಹೇಳಬಾರದು ಅಂತ ಬರೆದುಕೊಡೋದು ನನ್ನ ಕೆಲಸ ಅಂದರೆ ಅತ್ತೆ ಏನಂದುಕೊಂಡಾರು?

2025ರ ಆಗಸ್ಟ್ 14, ಗುರುವಾರ ರಾತ್ರಿ ಅತ್ತೆಯ ಫೋನ್ ಬಂದಾಗಲೂ ಯಾರೋ ಹೋದರು ಅಂತಲೇ ಎತ್ತಿದೆ.

"ಪುಟ್ಟೀ, ಟೀವೀಲಿ ಮಾವನ್ನ ತೋರಿಸ್ತಿದಾರೆ ಕಣೇ. ಕೆಂಪು ಸುತ್ತು ಹಾಕಿ ಹಾಕಿ ತೋರಿಸ್ತಿದಾರೆ."

ಅಷ್ಟು ಹೊತ್ತಿಗೆ ಆ ವಿಡಿಯೋ ನನ್ನ ಫೋನಿಗೂ ಎರಡು ಗುಂಪುಗಳಿಂದ ಬಂದಿತ್ತು. ಅದು ನಮ್ಮ ಮಾವ ಅಂತ ನನಗೆ ಗೊತ್ತಾಗಿರಲಿಲ್ಲ ಅಷ್ಟೆ. ಎದುರುಮನೆಯ ಮಹಡಿಯಿಂದ ಯಾರೋ ತೆಗೆದದ್ದು. ಗೇಟಿನ ಮುಂದೆ ಕಪ್ಪು ನಾಯಿಯೊಂದು ಒಂದು ಪುಟ್ಟ ಹುಡುಗಿಯ ಮೊಣಕೈ ಹಿಡಿದು ಎಳೀತಾ ಇದೆ. ಇಸ್ತ್ರಿ ಮಾಡಿದ ಬಟ್ಟೆಗಳು ರಸ್ತೆಯ ತುಂಬ ಚೆಲ್ಲಿವೆ. ಗೇಟಿನ ಒಳಗೆ ಪಂಚೆ ಉಟ್ಟ, ಕೈಯಲ್ಲಿ ಪೇಪರು ಹಿಡಿದ ಮುದುಕರೊಬ್ಬರು ನಿಂತಿದ್ದಾರೆ. ಸುಮ್ಮನೆ ನಿಂತಿದ್ದಾರೆ. ಒಟ್ಟು ಹದಿನೈದು ಸೆಕೆಂಡು. ಟೀವಿಯವರು ಅದನ್ನೇ ಹಿಂದಕ್ಕೂ ಮುಂದಕ್ಕೂ ಓಡಿಸಿ, ನಿಧಾನ ಮಾಡಿ, ಮುದುಕರ ಸುತ್ತ ಕೆಂಪು ಚಕ್ರ ಬರೆದು ಅರ್ಧ ಗಂಟೆ ಎಳೆದಿದ್ದರು. ಮಗು ಕಿರುಚುತ್ತಿದ್ದರೂ ಪೇಪರ್ ಓದುತ್ತಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿ!

ಬೇರೆ ತಿಂಗಳಾಗಿದ್ದರೆ ಇದು ಏರಿಯಾದ ವಾಟ್ಸಾಪ್ ಗುಂಪು ದಾಟಿ ಹೋಗುತ್ತಿರಲಿಲ್ಲವೇನೋ. ಆದರೆ ಆ ವಾರ ದೇಶಕ್ಕೆಲ್ಲ ನಾಯಿಯದ್ದೇ ಮಾತು. ಆಗಸ್ಟ್ 11ರ ಸೋಮವಾರ ಸುಪ್ರೀಂ ಕೋರ್ಟು ದಿಲ್ಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಡ್ಡುಗಳಿಗೆ ಹಾಕಿ ಎಂದು ಆದೇಶ ಮಾಡಿತ್ತು. ನಾಯಿ ಬೇಕು ಅನ್ನೋರು, ಬೇಡ ಅನ್ನೋರು ಇಬ್ಬರೂ ಬೀದಿಗೆ ಇಳಿದಿದ್ದರು. ಅದಕ್ಕೂ ಮುಂಚೆ ಜುಲೈನಲ್ಲಿ ನಮ್ಮ ಬಿಬಿಎಂಪಿ ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕೋ ಯೋಜನೆ ಹೇಳಿ ಊರಿಂದೂರಿಗೆ ನಗೆಪಾಟಲಾಗಿತ್ತು. ನಮ್ಮ ಸಿಂಬಾ ಬೀದಿನಾಯಿ ಅಲ್ಲ, ಸಾಕಿದ್ದು. ಆದರೆ ಟೀವಿಗೆ ಬೇಕಾಗಿದ್ದದ್ದು ನಾಯಿ ಮತ್ತು ಹಲ್ಲು.

ಸಿಂಬಾ ಅತ್ತೆಯ ಮಗನ ನಾಯಿ. ಕೊರೋನಾ ಕಾಲದಲ್ಲಿ ಮನೆಯಿಂದ ಕೆಲಸ ಮಾಡುವಾಗ ತಂದ. ಎರಡು ವರ್ಷ ಕಳೆದ ಮೇಲೆ ಕೆನಡಾಗೆ ಹೋದ. ನಾಯಿ ಎಪ್ಪತ್ತೊಂದರ ಮಾವನಿಗೂ ಅರವತ್ತಾರರ ಅತ್ತೆಗೂ ಉಳಿಯಿತು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಂಥ ನಾಯಿಗಳು ಈಗ ಬೀದಿಗೆರಡು ಇವೆ. ಮಕ್ಕಳು ಬಿಟ್ಟುಹೋದ ನಾಯಿ, ಮಕ್ಕಳು ಬಿಟ್ಟುಹೋದ ಟ್ರೆಡ್‌ಮಿಲ್ಲು. ಟ್ರೆಡ್‌ಮಿಲ್ಲಿನ ಮೇಲೆ ಬಟ್ಟೆಯಾದರೂ ಒಣಗಿಸಬಹುದು. ಮೂವತ್ತು ಕೆಜಿ ತೂಗೋ ನಾಯಿಯನ್ನು ಮಂಡಿ ಆಪರೇಷನ್ ಆದ ಮಾವ ದಿನಾ ಎರಡು ಸಲ ವಾಕಿಂಗ್ ಕರೆದುಕೊಂಡು ಹೋಗೋಕಾಗುತ್ತಾ? ವರ್ಷದಿಂದ ಅದು ಗೇಟಿನ ಒಳಗೇ ಸುತ್ತುತ್ತಿತ್ತು.

ಕಚ್ಚಿಸಿಕೊಂಡದ್ದು ಒಂಬತ್ತು ವರ್ಷದ ಹುಡುಗಿ. ಮನೆ ಎದುರಿನ ಹೊಂಗೆಮರದ ಕೆಳಗೆ ಅವರ ಅಪ್ಪ ಅಮ್ಮನ ಇಸ್ತ್ರಿ ಗಾಡಿ. ಸ್ಕೂಲಿಗೆ ಹೊರಡೋ ಮುಂಚೆ ನಾಲ್ಕು ಮನೆಗೆ ಬಟ್ಟೆ ಕೊಟ್ಟು ಹೋಗೋದು ಅವಳ ಅಭ್ಯಾಸ. ಅಂದು ಬೆಳಗ್ಗೆ ಎಂಟಕ್ಕೆ ಹನ್ನೊಂದು ಬಟ್ಟೆ ಹೊತ್ತು ನಮ್ಮತ್ತೆ ಮನೆಗೆ ಬಂದಿದ್ದಳು.

ರಾತ್ರಿಯೇ ಹೊರಟು ಹೋದೆ. ಒಳಗೆ ದೀಪ ಆರಿಸಿಕೊಂಡು ಕೂತಿದ್ದರು. ಮಾವನ ಕೈ ನಡುಗುತ್ತಿತ್ತು. ಸ್ಟೇಷನ್ನಿನಲ್ಲಿ ಎಫ್‌ಐಆರ್ ಆಗಿತ್ತು, ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು. ಹಳೇ ಐಪಿಸಿಯಲ್ಲಿ 289 ಇತ್ತಲ್ಲ, ಅದೇ: ಸಾಕಿದ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯ ಆಗದಂತೆ ನೋಡಿಕೊಳ್ಳದ ನಿರ್ಲಕ್ಷ್ಯ. ಆರು ತಿಂಗಳವರೆಗೆ ಜೈಲು, ಅಥವಾ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಜಾಮೀನು ಸಿಗೋ ಅಪರಾಧ, ಸ್ಟೇಷನ್ನಿನಲ್ಲೇ ಬಿಟ್ಟು ಕಳಿಸಿದ್ದರು. ಮಾವನಿಗೆ ಜೈಲಿನ ಭಯ ಇರಲಿಲ್ಲ. "ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಒಂದು ಮೆಮೋ ತಗೊಂಡವನಲ್ಲ ನಾನು" ಅಂತ ಅಷ್ಟನ್ನೇ ನಾಲ್ಕು ಸಲ ಹೇಳಿದರು.

ಕೆನಡಾದಿಂದ ಅತ್ತೆ ಮಗ ಸ್ಪೀಕರಿನಲ್ಲಿದ್ದ. ಅವನ ದೊಡ್ಡ ದೂರು ಏನಪ್ಪಾ ಅಂದರೆ, ಟೀವಿಯವರು ಸಿಂಬಾನ ರಾಟ್‌ವೀಲರ್ ಅಂದುಬಿಟ್ಟಿದ್ದಾರೆ, ಅದು ಲ್ಯಾಬ್ರಡಾರ್ ಮಿಶ್ರ, ಮೊದಲು ಅದನ್ನು ಸರಿಮಾಡಿಸು ಅನ್ನೋದು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತಮೂರು ತಳಿಗಳನ್ನು ಸಾಕಬಾರದು ಅಂತ ಸುತ್ತೋಲೆ ಹೊರಡಿಸಿತ್ತಲ್ಲ, ಅದರಲ್ಲಿ ರಾಟ್‌ವೀಲರ್ ಇತ್ತು. ನಮ್ಮ ಹೈಕೋರ್ಟು ಮುಂದಿನ ತಿಂಗಳೇ ಆ ಸುತ್ತೋಲೆಯನ್ನು ರದ್ದು ಮಾಡಿತು ಅನ್ನೋದು ಬೇರೆ ಮಾತು. ನನ್ನ ಅನುಭವದಲ್ಲಿ ತಪ್ಪು ಮಾಡಿದವರಿಗೆಲ್ಲ ಒಂದು ಇಂಥ ಸಣ್ಣ ಸುಳ್ಳು ಸಿಕ್ಕೇ ಸಿಗುತ್ತೆ. ತಮ್ಮ ಮೇಲಿನ ಹತ್ತು ಆಪಾದನೆಯಲ್ಲಿ ಒಂಬತ್ತು ನಿಜ, ಒಂದು ಸುಳ್ಳು ಅಂತಾದರೆ ಆ ಒಂದನ್ನೇ ಹಿಡಿದು ಕೂರುತ್ತಾರೆ. ನಾನೂ ಅದನ್ನು ಪ್ಯಾಡಿನಲ್ಲಿ ಬರೆದುಕೊಂಡೆ.

ಆಮೇಲೆ ಆಫೀಸಿನಲ್ಲಿ ಮಾಡೋದನ್ನೇ ಮಾಡಿದೆ. ಫೋನ್ ಎತ್ತಬೇಡಿ. ಮಾತಾಡೋದು ಒಬ್ಬರೇ, ಅದೂ ನಾನು. ಬಾಗಿಲಲ್ಲಿ ಮೈಕ್ ಹಿಡಿದರೆ "ಪ್ರಕಟಣೆ ಕೊಡ್ತೀವಿ" ಅನ್ನೋದು ಬಿಟ್ಟು ಬೇರೆ ಮಾತಿಲ್ಲ. ಆಸ್ಪತ್ರೆಗೆ ನೋಡೋಕೆ ಹೋಗಬೇಡಿ, ಅಲ್ಲೂ ಕ್ಯಾಮೆರಾ ಇರುತ್ತೆ, ಹೊಡೆದಾಟ ಆಗಬಹುದು. ಮತ್ತೆ, ನಾಯಿ ಇಲ್ಲಿರಬಾರದು. ಅದು ಗೇಟಿನ ಹತ್ತಿರ ಬೊಗಳುತ್ತಾ ಇದ್ದರೆ ಟೀವಿಯವರಿಗೆ ದಿನಾ ಹೊಸ ದೃಶ್ಯ ಕೊಟ್ಟಹಾಗೆ. ಕನಕಪುರ ರಸ್ತೆಯಲ್ಲಿ ನಾಯಿಗಳ ಬೋರ್ಡಿಂಗ್ ಒಂದು ಗೊತ್ತಿತ್ತು. ಮಾರನೇ ದಿನ ರಾತ್ರಿ ಹನ್ನೊಂದರ ಮೇಲೆ ಕಾರಿನಲ್ಲಿ ಸಾಗಿಸೋದು ಅಂತ ಮಾಡಿದೆವು.

ಎಲ್ಲ ಸರಿಯಾದ ಸಲಹೆಯೇ. ಪುಸ್ತಕದಲ್ಲಿ ಹಾಗೇ ಇದೆ.

ಪ್ರಕಟಣೆ ಬರೆಯೋ ಹೊತ್ತಿಗೆ ಶುಕ್ರವಾರ, ಸ್ವಾತಂತ್ರ್ಯ ದಿನ. ಬೀದಿಯ ಕೊನೆಯಲ್ಲಿ ಧ್ವಜಾರೋಹಣದ ಮೈಕು. ವಕೀಲರೂ ಬಂದಿದ್ದರು. ನಾನು ಮೊದಲು ಬರೆದದ್ದು "ನಮ್ಮ ನಾಯಿಯಿಂದ ಮಗುವಿಗೆ ಆದ ಗಾಯಕ್ಕೆ ನಾವು ಕ್ಷಮೆ ಕೇಳುತ್ತೇವೆ" ಅಂತ. ವಕೀಲರು ಪೆನ್ನು ತೆಗೆದು "ನಮ್ಮ ನಾಯಿ"ಗೆ ಗೆರೆ ಹೊಡೆದು "ಸದರಿ ಪ್ರಾಣಿ" ಮಾಡಿದರು. "ಗಾಯ" ಹೋಗಿ "ಘಟನೆ" ಬಂತು. "ಕ್ಷಮೆ" ಅಂದರೆ ಒಪ್ಪಿಕೊಂಡ ಹಾಗೆ, ಅದಕ್ಕೆ "ವಿಷಾದ". ನಾನು ಒಂದೊಂದಕ್ಕೂ ಚೌಕಾಸಿ ಮಾಡಿದೆ. ಸದರಿ ಪ್ರಾಣಿ ಅಂದರೆ ಜನ ನಗ್ತಾರೆ ಸಾರ್ ಅಂದೆ. ಸರಿ, "ಮನೆಯ ಸಾಕುನಾಯಿ" ಆಯಿತು. ವಿಷಾದ ಉಳಿಯಿತು. ಕನ್ನಡದಲ್ಲಿ ಈ ವಿಷಾದ ಅನ್ನೋ ಪದವನ್ನು ಮನೆಯೊಳಗೆ ಯಾರಾದರೂ ಬಳಸಿದ್ದು ನೀವು ಕೇಳಿದ್ದೀರಾ? ಕಾಲು ತುಳಿದರೆ "ವಿಷಾದಿಸ್ತೀನಿ" ಅಂತ ಯಾರೂ ಅನ್ನೋದಿಲ್ಲ. ಅದು ರೈಲು ತಡವಾದಾಗಲೂ ಮಂತ್ರಿಗಳು ಬಾಯಿ ಜಾರಿದಾಗಲೂ ಬರೋ ಪದ. ಅವತ್ತು ನಮಗೆ ಅಂಥದ್ದೇ ಬೇಕಿತ್ತು.

ಕೊನೆಯ ಸಾಲು ನನ್ನದು. ವಕೀಲರದ್ದಲ್ಲ, ನನ್ನದೇ. "ನಾಯಿಗೆ ಎಲ್ಲ ಲಸಿಕೆಗಳನ್ನೂ ಹಾಕಿಸಲಾಗಿದ್ದು, ಯಾರೂ ಆತಂಕಪಡುವ ಅಗತ್ಯವಿಲ್ಲ." ಬರೆಯೋ ಮುಂಚೆ "ಮಾವ, ಲಸಿಕೆ ಎಲ್ಲ ಆಗಿದೆಯಲ್ವಾ?" ಅಂತ ಕೇಳಿದ್ದೆ. "ಎಲ್ಲ ಹಾಕಿಸಿದೀವಮ್ಮ" ಅಂದಿದ್ದರು. ಅಷ್ಟೇ ನನ್ನ ವಿಚಾರಣೆ. ಹದಿನಾಲ್ಕು ವರ್ಷದಿಂದ ಕಂಪನಿಗಳ ಹತ್ತಿರ ಒಂದೊಂದು ಸಾಲಿಗೂ ಕಾಗದ ಕೇಳೋಳು ನಾನು. ಮಾವನ ಹತ್ತಿರ ಕೇಳಲಿಲ್ಲ.

ಸಂಜೆ ಐದರ ಹೊತ್ತಿಗೆ ಅದು ಎಲ್ಲ ಕಡೆ ಬಂತು. ಒಂದು ಚಾನೆಲ್ಲು ಆ ಕೊನೆಯ ಸಾಲನ್ನೇ ಕೆಳಗಡೆ ಪಟ್ಟಿಯಲ್ಲಿ ಓಡಿಸಿತು.

ರಾತ್ರಿ ಬೋರ್ಡಿಂಗಿನ ಹುಡುಗ ನಾಯಿಯನ್ನು ಒಳಗೆ ಬಿಟ್ಟುಕೊಳ್ಳೋ ಮುಂಚೆ ಲಸಿಕೆಯ ಪುಸ್ತಕ ಕೇಳಿದ. ಅತ್ತೆ ಕೊಟ್ಟ ಕವರಿನಿಂದ ತೆಗೆದುಕೊಟ್ಟೆ. ಅವನು ಮೊಬೈಲಿನ ಬೆಳಕಿನಲ್ಲಿ ಪುಟ ತಿರುವಿ ಹೇಳಿದ: "ಮೇಡಂ, ರೇಬೀಸ್‌ದು ಹೋದ ವರ್ಷ ಏಪ್ರಿಲ್‌ದು ಇದೆ. ಈ ವರ್ಷದ್ದು ಎಲ್ಲಿ?"

ಈ ವರ್ಷದ್ದು ಇರಲಿಲ್ಲ. ಏಪ್ರಿಲ್ 2024ರ ಪುಟ್ಟ ಹಸಿರು ಸ್ಟಿಕ್ಕರ್, ಅದರ ಪಕ್ಕ "ಮುಂದಿನದು: ಏಪ್ರಿಲ್ 2025" ಅಂತ ಬರೆದದ್ದು, ಅದರ ಕೆಳಗೆ ಖಾಲಿ. ಹುಡುಗ ತಲೆ ಕೆರೆದುಕೊಂಡು "ಬೇರೆ ಗೂಡಲ್ಲಿ ಇಡ್ತೀವಿ, ಸ್ವಲ್ಪ ಜಾಸ್ತಿ ಆಗುತ್ತೆ" ಅಂದ. ಕೊಟ್ಟು ಬಂದೆ. ದಾರಿಯುದ್ದ ಲೆಕ್ಕ ಹಾಕಿದೆ: ನಾಲ್ಕು ತಿಂಗಳು ತಡ ಅಷ್ಟೆ, ಹಿಂದೆಲ್ಲ ಹಾಕಿಸಿದ್ದೇ ಇದೆ, ನಾಯಿ ಆರೋಗ್ಯವಾಗೇ ಇದೆ, ಈಗ ತಿದ್ದಿದರೆ ಮಾವನನ್ನು ಸುಳ್ಳುಗಾರ ಅಂತ ಇನ್ನೂ ನಾಲ್ಕು ದಿನ ತೋರಿಸ್ತಾರೆ. ಮಗುವಿಗೆ ಹೇಗಿದ್ದರೂ ಇಂಜೆಕ್ಷನ್ ಕೊಡ್ತಿದಾರೆ. ಇದೆಲ್ಲ ನಿಜವೇ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ಇನ್ನೊಂದು ವಿಷಯವೂ ಇತ್ತು. ಮನೆಯ ಸಿಸಿಟಿವಿ. ವಕೀಲರು ಹೋದ ಮೇಲೆ ಕೂತು ನೋಡಿದೆ. ಅದರಲ್ಲಿ ಟೀವಿಯ ಹದಿನೈದು ಸೆಕೆಂಡಿನ ಹಿಂದಿನದೂ ಮುಂದಿನದೂ ಇತ್ತು. ಮಾವ ಮೊದಲು ಬೆಪ್ಪಾಗಿ ನಿಂತದ್ದು ನಿಜ. ಆಮೇಲೆ ಪೇಪರು ಬಿಸಾಕಿ, ಕುಂಟುತ್ತಾ ಓಡಿಬಂದು, ನಾಯಿಯ ಬೆಲ್ಟಿಗೆ ಕೈ ಹಾಕಿ ಎಳೆದು, ತಾವೂ ಬಿದ್ದು, ಬಿದ್ದಲ್ಲಿಂದಲೇ ಅದರ ಬಾಯಿ ಬಿಡಿಸಿದ್ದಾರೆ. ಅದನ್ನು ಯಾರೂ ತೋರಿಸಿರಲಿಲ್ಲ. ತೋರಿಸಿದರೆ ಒಂದೇ ಗಂಟೆಯಲ್ಲಿ ಆ ಕೆಂಪು ಚಕ್ರ ಹೋಗುತ್ತಿತ್ತು. ಆದರೆ ಅದಕ್ಕೂ ಹತ್ತು ನಿಮಿಷ ಮುಂಚಿನ ದೃಶ್ಯದಲ್ಲಿ ಮಾವ ಹಾಲು ತಗೊಂಡು ಒಳಗೆ ಬರ್ತಾರೆ. ಗೇಟು ತಳ್ಳುತ್ತಾರೆ. ಚಿಲಕ ಹಾಕೋದಿಲ್ಲ. ಹುಡುಗಿಯೇ ಗೇಟು ತೆಗೆದು ಒಳಗೆ ಬಂದಳು ಅಂತ ಅವರು ಸ್ಟೇಷನ್ನಿನಲ್ಲಿ ಹೇಳಿಬಂದಿದ್ದರು. ಸುಳ್ಳು ಹೇಳಬೇಕೆಂದಲ್ಲ, ಚಿಲಕ ಹಾಕಿದ್ದೇನೆ ಅಂತಲೇ ಅವರ ನಂಬಿಕೆ. ಹುಡುಗಿ ಗೇಟು ಮುಟ್ಟಿರಲೇ ಇಲ್ಲ. ನಾಯಿ ಮೂತಿಯಿಂದ ತಳ್ಳಿಕೊಂಡು ಆಚೆ ಬಂತು.

"ಅಪ್ಪ ಬಿಡಿಸೋದು ಎಲ್ಲಿಂದ ಇದೆಯೋ ಅಲ್ಲಿಂದ ಕಟ್ ಮಾಡಿ ಹಾಕು" ಅಂದ ಕೆನಡಾದವನು. ನಾನು ಬೈಯಲಿಲ್ಲ. ಲ್ಯಾಪ್‌ಟಾಪ್ ತೆಗೆದು ಕಟ್ ಮಾಡಿದೆ. ಇಪ್ಪತ್ತೆಂಟು ಸೆಕೆಂಡು, ಎಷ್ಟು ಚೆನ್ನಾಗಿ ಬಂತು ಅಂದರೆ ನನಗೇ ಕಣ್ಣಲ್ಲಿ ನೀರು ಬಂತು. ಯಾವ ವರದಿಗಾರನಿಗೆ ಮೊದಲು ಕಳಿಸಬೇಕು ಅಂತಲೂ ಯೋಚಿಸಿ ಇಟ್ಟುಕೊಂಡೆ. ಸೋಮವಾರ ವಕೀಲರನ್ನು ಒಂದು ಮಾತು ಕೇಳಿ ಕಳಿಸೋಣ ಅಂತ.

ಈ ಮಧ್ಯೆ, ಶನಿವಾರದಿಂದ, ಇಸ್ತ್ರಿಯವಳು ಬಂದು ಗೇಟಿನ ಹತ್ತಿರ ನಿಲ್ಲೋಕೆ ಶುರುಮಾಡಿದಳು. ಬೆಳಗ್ಗೆ ಏಳಕ್ಕೆ ಬರೋದು. ಬೆಲ್ ಮಾಡೋದಿಲ್ಲ, ಕೂಗೋದಿಲ್ಲ. ಗೇಟಿನ ಕಂಬಿಗಳ ನಡುವೆ ಒಳಗೆ ನೋಡೋದು. ಬಗ್ಗಿ ಕಾರಿನ ಅಡಿ ನೋಡೋದು. ಸಂದಿಯ ಕಡೆ ಕುತ್ತಿಗೆ ಚಾಚೋದು. ಹತ್ತು ನಿಮಿಷ ನಿಂತು ಹೋಗೋದು. ಅತ್ತೆ ಕಿಟಕಿಯ ಪರದೆ ಸಂದಿಯಿಂದ ನೋಡಿ ಒಳಗೇ ಅಳೋರು. "ಶಾಪ ಹಾಕ್ತಿದಾಳೆ ಕಣೇ" ಅನ್ನೋರು. ಪಕ್ಕದ ಮನೆಯವರು ಫೋನ್ ಮಾಡಿ "ದುಡ್ಡಿಗೆ ನಿಂತಿದಾಳೆ, ಹುಷಾರು" ಅಂದರು. ವಕೀಲರು "ಸುಮ್ಮನೆ ವಿಡಿಯೋ ಮಾಡಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ" ಅಂದರು. ಮಾಡಿದೆವು. ನನ್ನ ಫೋನಿನಲ್ಲಿ ಈಗಲೂ ಮೂರು ದಿನದ್ದು ಇದೆ.

ಸೋಮವಾರ ವಕೀಲರು ಕೋರ್ಟಿನಲ್ಲಿದ್ದರು, ಸಿಗಲಿಲ್ಲ. ಮಂಗಳವಾರ, 19ಕ್ಕೆ, ಅವಳು ಬಂದಾಗ ಸಣ್ಣ ಮಳೆ. ಛತ್ರಿ ಇಲ್ಲ. ತಲೆ ಮೇಲೆ ಸೆರಗು ಹಾಕಿಕೊಂಡು ನಿಂತೇ ಇದ್ದಳು. ಯಾವ ಧೈರ್ಯವೋ, ಅಥವಾ ನಾಲ್ಕು ದಿನ ಮನೆಯೊಳಗೆ ಕೂತು ತಲೆ ಕೆಟ್ಟಿತ್ತೋ, ಬಾಗಿಲು ತೆಗೆದು ಹೋದೆ. ಬೈಸಿಕೊಳ್ಳೋಕೆ ತಯಾರಾಗೇ ಹೋದೆ.

ಅವಳು ಕೇಳಿದ್ದು ಇಷ್ಟೇ: "ನಾಯಿ ಚೆನ್ನಾಗೈತಾ ಅಕ್ಕ?"

ನನಗೆ ಅರ್ಥವಾಗಲಿಲ್ಲ.

"ನಾಯಿ. ಬದುಕೈತಾ?"

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲ ದಿನವೇ ಹೇಳಿದ್ದರಂತೆ, ಸಾಕಿದ ನಾಯಿ ಆದ್ದರಿಂದ ಹತ್ತು ದಿನ ಅದನ್ನು ನೋಡ್ತಾ ಇರಿ, ಅದಕ್ಕೇನಾದರೂ ಆದರೆ, ಸತ್ತರೆ, ತಕ್ಷಣ ಬಂದು ಹೇಳಿ ಅಂತ. ಅದು ಎಲ್ಲ ಡಾಕ್ಟರೂ ಹೇಳೋ ಮಾತು. ಕಚ್ಚಿದ ಹೊತ್ತಿನಲ್ಲಿ ನಾಯಿಯ ಜೊಲ್ಲಿನಲ್ಲಿ ರೇಬೀಸ್ ಇದ್ದಿದ್ದರೆ ಅದು ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತೆ; ಹತ್ತು ದಿನ ಕಳೆದೂ ಓಡಾಡಿಕೊಂಡಿದ್ದರೆ ಭಯವಿಲ್ಲ. ಅದಕ್ಕೇ ಕಚ್ಚಿದ ನಾಯಿಯನ್ನು ಹೊಡೆದು ಹಾಕಬಾರದು, ಕಟ್ಟಿಹಾಕಿ ಕಾಯಬೇಕು ಅನ್ನೋದು. ಅವಳಿಗೆ ಕೇಳಿಸಿದ್ದು ಮಾತ್ರ ಬೇರೆ ಥರ: ಹತ್ತು ದಿನದೊಳಗೆ ನಾಯಿ ಸತ್ತರೆ ಮಗುವೂ ಸಾಯುತ್ತೆ. ಮಾಗಡಿ ಕಡೆಯ ಅವಳ ಊರಿನಲ್ಲಿ ಸೋದರಮಾವನೊಬ್ಬ ನಾಯಿ ಕಚ್ಚಿ ಎರಡು ತಿಂಗಳ ಮೇಲೆ ನೀರು ಕಂಡರೆ ಕಿರುಚಿಕೊಂಡು ಸತ್ತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ರೇಬೀಸಿಗೆ ಮದ್ದಿಲ್ಲ ಅನ್ನೋದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಶುಕ್ರವಾರ ರಾತ್ರಿ ಕಾರಲ್ಲಿ ಹಾಕ್ಕೊಂಡು ಹೋಗಿದ್ದನ್ನ ಮೂಲೆಮನೆ ವಾಚ್‌ಮನ್ನು ನೋಡವ್ನೆ ಅಕ್ಕ. ಹುಚ್ಚು ಹಿಡಿದಿತ್ತು, ಅದಕ್ಕೇ ಸಾಯ್ಸಿ ಹೂತಾಕವ್ರೆ ಅಂತಾವ್ರೆ ಎಲ್ರೂವೆ."

ದೃಶ್ಯ ಸಿಗದಿರಲಿ ಅಂತ ನಾಯಿಯನ್ನು ಕತ್ತಲಲ್ಲಿ ಸಾಗಿಸಿದೆನಲ್ಲ, ಆ ಬುದ್ಧಿವಂತಿಕೆ ಹೊಂಗೆಮರದ ಕೆಳಗೆ ಹೀಗೆ ಕಾಣಿಸಿತ್ತು. ದಿನಾ ಬಂದು ಕಾರಿನ ಅಡಿ ಬಗ್ಗಿ ನೋಡುತ್ತಿದ್ದದ್ದು ನಾಯಿಗಾಗಿ. ನಾವು ಅದನ್ನು ವಿಡಿಯೋ ಮಾಡುತ್ತಿದ್ದೆವು.

ನಾಯಿ ಚೆನ್ನಾಗಿದೆಯಮ್ಮ, ಬೇರೆ ಕಡೆ ಇಟ್ಟಿದ್ದೀವಿ ಅಂದೆ. ಬೋರ್ಡಿಂಗಿಗೆ ಫೋನ್ ಮಾಡಿ ವಿಡಿಯೋ ತರಿಸಿದೆ. ಸಿಂಬಾ ಬಾಲ ಅಲ್ಲಾಡಿಸ್ತಾ ಇರೋದು, ಅನ್ನ ತಿನ್ನೋದು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಎರಡು ಸಲ ನೋಡಿ ವಾಪಸ್ ಕೊಟ್ಟಳು.

"ಇದು ಇವತ್ತಿಂದಾ ಅಕ್ಕ? ವಿಡಿಯೋ ಯಾವತ್ತು ಬೇಕಾದ್ರೂ ತೆಗೀಬೋದಲ್ವಾ."

ನನ್ನ ಲ್ಯಾಪ್‌ಟಾಪಿನಲ್ಲಿ ಆ ಇಪ್ಪತ್ತೆಂಟು ಸೆಕೆಂಡು ಆಗಲೂ ಕೂತಿತ್ತು. ಕಾರಿನ ಕೀ ತಂದೆ.

ಅತ್ತೆ ಬಾಗಿಲಲ್ಲಿ ನಿಂತು "ವಕೀಲರನ್ನ ಒಂದು ಮಾತು ಕೇಳೇ" ಅಂದರು. ಮಾವ ಏನೂ ಹೇಳಲಿಲ್ಲ, ಬಂದು ಗೇಟು ತೆಗೆದುಕೊಟ್ಟರು.

ತಲಘಟ್ಟಪುರದವರೆಗೆ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಕನಕಪುರ ರಸ್ತೆಯ ಟ್ರಾಫಿಕ್ಕು ಇಬ್ಬರಿಗೂ ಮಾತಾಡದಿರೋಕೆ ಒಳ್ಳೇ ನೆಪ. ಆಮೇಲೆ ಮಗು ಹೇಗಿದೆ ಅಂತ ಕೇಳಿದೆ. ಐದು ದಿನ ಆದ ಮೇಲೆ ಕೇಳ್ತಾ ಇದ್ದೆ. ಅವಳು ಬೇಜಾರಿಲ್ಲದೆ ಎಲ್ಲ ಹೇಳಿದಳು. ಕಚ್ಚಿದ ಕೂಡಲೇ ಎದುರು ಮನೆ ಟೀಚರಮ್ಮ ನಲ್ಲಿ ಕೆಳಗೆ ಕೈ ಹಿಡಿಸಿ ಸೋಪು ಹಾಕಿ ಕಾಲು ಗಂಟೆ ತೊಳೆಸಿದ್ದು. ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕದೆ ತೆರೆದೇ ಬಿಟ್ಟದ್ದು, ನಾಯಿ ಕಚ್ಚಿದ್ದನ್ನು ಅವಸರವಾಗಿ ಹೊಲಿಯೋದಿಲ್ಲವಂತೆ. ಗಾಯದ ಒಳಗೇ ಸುತ್ತಲೂ ಸೂಜಿ ಚುಚ್ಚಿ ಔಷಧಿ ಬಿಟ್ಟಾಗ ನಾಲ್ಕು ಜನ ಹಿಡಿದುಕೊಂಡದ್ದು. ಹಿಂದೆ ಹೊಕ್ಕುಳ ಸುತ್ತ ಹದಿನಾಲ್ಕು ಹಾಕ್ತಿದ್ರಂತಲ್ಲ ಅಕ್ಕ, ಈಗ ನಾಕೇ ಸಲ, ತೋಳಿಗೆ. ಮೊದಲ ದಿನ, ಮೂರು, ಏಳು, ಆಮೇಲೆ ಇಪ್ಪತ್ತೆಂಟು. ಚೀಟಿಯನ್ನು ಅವಳು ರವಿಕೆಯಲ್ಲಿ ಮಡಿಚಿ ಇಟ್ಟುಕೊಂಡೇ ಬಂದಿದ್ದಳು.

"ಮೂರ್ನೇ ದಿನದ್ದು ಭಾನುವಾರ ಇತ್ತಲ್ಲ, ಅವತ್ತು ಬ್ಯಾಡ ಅಂದ್ರು ಅವ್ರಪ್ಪ. ಮಗಾ ಸೂಜಿ ಅಂದ್ರೆ ಬೆದರಿಬಿಟ್ಟೈತೆ, ರಾತ್ರಿಯೆಲ್ಲ ಅತ್ತೈತೆ. ಟೀವೀಲಿ ಬಂತಲ್ಲ, ನಾಯಿಗೆ ಲಸಿಕೆ ಎಲ್ಲ ಆಗೈತೆ, ಯೇಚ್ನೆ ಮಾಡ್ಬೇಡಿ ಅಂತ. ಇನ್ಯಾಕ್ ಸುಮ್ಕೆ ಮಗೀಗೆ ಹಿಂಸೆ ಅಂದ್ರು."

ಸ್ಟಿಯರಿಂಗ್ ಮೇಲೆ ನನ್ನ ಕೈ ಬೆವರಿತು. "ಹೋಗಲಿಲ್ವಾ ಭಾನುವಾರ?"

"ಹೋದೆ. ನಾನೇ ಎತ್ಕೊಂಡು ಹೋದೆ." ಸ್ವಲ್ಪ ತಡೆದು ಅಂದಳು, "ನೀವು ಹೇಳಿದ್ದನ್ನ ನಂಬ್ಲಿಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡಿ ಅಕ್ಕ."

ಕಾರನ್ನು ಪಕ್ಕಕ್ಕೆ ಹಾಕಿದೆ. ಆ ಸಾಲು ಬರೆದದ್ದು ನಾನು, ನೋಡದೆ ಬರೆದೆ, ಈ ವರ್ಷದ ಲಸಿಕೆ ಹಾಕಿಸಿಲ್ಲ, ಶುಕ್ರವಾರ ರಾತ್ರಿಯೇ ಗೊತ್ತಾಯ್ತು, ಹೇಳಲಿಲ್ಲ ಅಂದೆ. ಇದನ್ನು ಎಷ್ಟು ವಿಷಾದದಿಂದ ಹೇಳಿದೆನೋ ಗೊತ್ತಿಲ್ಲ. ಅವಳು ಮುಂದೆ ರಸ್ತೆ ನೋಡುತ್ತಾ ಕೂತಿದ್ದಳು. ನಾಯಿಗೆ ಲಸಿಕೆ ಆಗಿದ್ದರೂ ಇಂಥ ಗಾಯಕ್ಕೆ ಮಗುವಿಗೆ ಪೂರ್ತಿ ಕೋರ್ಸ್ ಆಗಲೇಬೇಕಮ್ಮ, ಯಾರು ಏನೇ ಹೇಳಿದರೂ ಬಿಡಬೇಡಿ ಅಂತಲೂ ಹೇಳಿದೆ. "ಊಂ" ಅಂದಳು. ಆಮೇಲೆ, "ಹೊಂಡಿ ಅಕ್ಕ, ನಾಯಿ ತೋರಿಸಿ."

ಬೋರ್ಡಿಂಗಿನಲ್ಲಿ ಸಿಂಬಾ ಜಾಲರಿಯ ಹಿಂದೆ ಮಲಗಿತ್ತು. ನನ್ನನ್ನು ನೋಡಿ ಎದ್ದು ಕುಣಿಯಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು, ಮತ್ತೆ ಮುಂದೆ ಬಂದಳು. ಮುಖ, ಬಾಯಿ, ಕಾಲು ಎಲ್ಲ ನೋಡಿದಳು. ಜೊಲ್ಲು ಸುರೀತಿದೆಯಾ ಅಂತ ಬಗ್ಗಿ ನೋಡಿದಳು.

"ನೀರು ಕುಡಿಸಿ."

ಹುಡುಗ ಸ್ಟೀಲ್ ಬೋಗುಣಿಯಲ್ಲಿ ನೀರು ಇಟ್ಟ. ಸಿಂಬಾ ಲಪಲಪ ಕುಡಿಯಿತು. ಅರ್ಧಕ್ಕೆ ನಿಲ್ಲಿಸಿ ನಮ್ಮ ಕಡೆ ನೋಡಿ, ಮತ್ತೆ ಕುಡಿದು ಬೋಗುಣಿ ನೆಕ್ಕಿ ಖಾಲಿ ಮಾಡಿತು. ಅವಳು ಅಷ್ಟು ಹೊತ್ತೂ ಕೈ ಮುಗಿದುಕೊಂಡು ನಿಂತಿದ್ದಳು ಅನ್ನೋದು ನನಗೆ ಆಮೇಲೆ ಕಂಡಿತು. ನೀರಿನ ಭಯ ಅನ್ನೋದು ಮನುಷ್ಯರಲ್ಲಿ ಕಾಣೋ ಲಕ್ಷಣ, ಹುಚ್ಚು ಹಿಡಿದ ನಾಯಿ ನೀರು ಕುಡಿದರೂ ಕುಡಿಯಬಹುದು ಅಂತ ಓದಿದ್ದೆ. ಆ ಹೊತ್ತಿನಲ್ಲಿ ಹೇಳಲಿಲ್ಲ. ಇಷ್ಟೆಲ್ಲ ಆದ ಮೇಲೂ ಮತ್ತೆ ಒಂದು ವಿಷಯ ಮುಚ್ಚಿಟ್ಟೆ ನೋಡಿ. ಇನ್ನೂ ಐದು ದಿನ ಇತ್ತಲ್ಲ, ದಿನಾ ನೋಡಲಿ ಅಂದುಕೊಂಡೆ.

ಮಾರನೇ ದಿನ ನಾಯಿಯನ್ನು ವಾಪಸ್ ತಂದೆವು, ಹಗಲಲ್ಲೇ. ಗೇಟಿನಿಂದ ಕಾಣೋ ಹಾಗೆ, ಆದರೆ ಗೇಟಿನವರೆಗೆ ಬರದ ಹಾಗೆ, ಒಳಗಿನ ಕಂಬಕ್ಕೆ ಡಬಲ್ ಸರಪಳಿ ಹಾಕಿ ಕಟ್ಟಿದೆವು. ನಿರೀಕ್ಷಿಸಿದಂತೆ ಒಂದು ಚಾನೆಲ್ಲು ಬಂದು ಶೂಟ್ ಮಾಡಿತು: "ಕಚ್ಚಿದ ನಾಯಿ ಮತ್ತೆ ಅದೇ ಮನೆಯಲ್ಲಿ!" ಮಾಡಿಕೊಳ್ಳಲಿ. ಲಸಿಕೆಯ ಸಾಲಿಗೆ ತಿದ್ದುಪಡಿ ಬರೆದು ಪ್ರಕಟಣೆ ಕಳಿಸಿದ್ದ ಎಲ್ಲರಿಗೂ ಕಳಿಸಿದೆ. ಮೂರೇ ಸಾಲು, ವಕೀಲರಿಗೆ ತೋರಿಸದೆ. ಮಾವ ಕೆಳಗೆ ತಾವೇ ಸಹಿ ಹಾಕಿದರು. ಯಾರಾದರೂ ಹಾಕಿದರಾ? ಒಂದು ಪತ್ರಿಕೆ ಒಳಪುಟದಲ್ಲಿ ಹಾಕಿತು. ಉಳಿದವರಿಗೆ ಅಷ್ಟೊತ್ತಿಗೆ ಅದು ಹಳೇ ಸುದ್ದಿ. 22ರ ಶುಕ್ರವಾರ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಿಂದಿನ ಆದೇಶ ತಿದ್ದಿ, ಹಿಡಿದ ನಾಯಿಗಳಿಗೆ ಸಂತಾನಹರಣ, ಲಸಿಕೆ ಮಾಡಿ ಅದೇ ಜಾಗಕ್ಕೆ ಬಿಡಿ, ರೇಬೀಸ್ ಬಂದದ್ದು, ಮೇಲೆ ಬೀಳೋದು ಮಾತ್ರ ಬೇಡ ಅಂದಿತು. ಟೀವಿಯ ಕ್ಯಾಮೆರಾ ಎಲ್ಲ ಆ ಕಡೆ ತಿರುಗಿತು. ನಮ್ಮ ಮಾವನ ಕೆಂಪು ಚಕ್ರ ಯಾರೂ ಅಳಿಸದೆ ತಾನಾಗೇ ಹೋಯಿತು. ನನ್ನ ವೃತ್ತಿಯಲ್ಲಿ ನಿಜವಾಗಿ ಕೆಲಸ ಮಾಡೋದು ಇದೊಂದೇ, ಮುಂದಿನ ಸುದ್ದಿ. ಗಿರಾಕಿಗಳಿಗೆ ಅದನ್ನು ಹೇಳಿದರೆ ಫೀಸು ಕೊಡೋದಿಲ್ಲ.

ಸಿಸಿಟಿವಿಯನ್ನು ಮಾವ ಪೂರ್ತಿ ನೋಡಿದರು. ಚಿಲಕದ ಭಾಗವನ್ನು ಎರಡು ಸಲ ನೋಡಿದರು. ಆಮೇಲೆ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು, ಆಟೋ ಹಿಡಿದು, ತಾವೊಬ್ಬರೇ ಸ್ಟೇಷನ್ನಿಗೆ ಹೋಗಿ ಕೊಟ್ಟುಬಂದರು. ವಕೀಲರು ಕೇಸ್ ಬಿಡ್ತೀನಿ ಅಂತ ಕೂಗಾಡಿದರು, ಬಿಡಲಿಲ್ಲ. ಕೇಸು ಇನ್ನೂ ನಡೀತಿದೆ. ಇಸ್ತ್ರಿಯವರ ಹತ್ತಿರ ಮಾವ ಮಾತಾಡಿದ್ದು, ಕೊಟ್ಟದ್ದು ಎಷ್ಟು ಏನು ಅನ್ನೋದನ್ನು ನಾನು ಕೇಳಿಲ್ಲ. ಇಪ್ಪತ್ತೆಂಟು ಸೆಕೆಂಡಿನ ತುಣುಕು ನನ್ನ ಹತ್ತಿರವೇ ಇದೆ. ಅಳಿಸಬೇಕು ಅಂತ ಆಗಾಗ ತೆಗೀತೀನಿ, ಮಾವ ಬಿದ್ದಲ್ಲಿಂದ ನಾಯಿಯ ಬಾಯಿ ಬಿಡಿಸೋದು ನೋಡಿ ಮುಚ್ಚಿಡ್ತೀನಿ.

ಐದು ದಿನ ಅವಳು ಬೆಳಗ್ಗೆ ಏಳಕ್ಕೆ ಬಂದು ನೋಡಿಕೊಂಡು ಹೋದಳು. ನಾಯಿಗೆ ಅದು ಎಷ್ಟು ರೂಢಿಯಾಯಿತು ಅಂದರೆ ಬೊಗಳೋದು ಬಿಟ್ಟಿತು. 24ರ ಭಾನುವಾರಕ್ಕೆ ಹತ್ತು ದಿನ ತುಂಬಿತು. ಅವತ್ತು ಅವಳು ಜಾಸ್ತಿ ಹೊತ್ತೇನೂ ನಿಲ್ಲಲಿಲ್ಲ.

ಸೋಮವಾರ, ಗೌರಿ ಹಬ್ಬದ ಹಿಂದಿನ ದಿನ, ಬೆಲ್ ಆಯಿತು. ಮೊದಲ ಸಲ ಬೆಲ್ ಮಾಡಿದ್ದಳು. ಕೈಯಲ್ಲಿ ಬಟ್ಟೆಯ ಗಂಟು. ಅವತ್ತು ರಸ್ತೆಯಲ್ಲಿ ಚೆಲ್ಲಿದ್ದ ಬಟ್ಟೆಗಳನ್ನು ಯಾರು ಎತ್ತಿಟ್ಟರು, ಏನಾದವು ಅಂತ ನಮ್ಮ ಮನೆಯಲ್ಲಿ ಯಾರಿಗೂ ನೆನಪೇ ಆಗಿರಲಿಲ್ಲ. ಮಾವನ ಆರು ಶರ್ಟು, ಅತ್ತೆಯ ಎರಡು ಸೀರೆ, ಮೂರು ಪಂಚೆ. ಒಗೆದು, ಇಸ್ತ್ರಿ ಮಾಡಿ, ಪೇಪರಿನಲ್ಲಿ ಸುತ್ತಿ ತಂದಿದ್ದಳು. ಒಂದು ಶರ್ಟಿನ ತೋಳಿನಲ್ಲಿ ರಕ್ತದ ಕಲೆ ಪೂರ್ತಿ ಹೋಗಿರಲಿಲ್ಲ, ಅದನ್ನು ಅವಳೇ ಬಿಚ್ಚಿ ತೋರಿಸಿದಳು.

"ಎಲ್ಡ್ ಸಲ ಇಸ್ತ್ರಿ ಆಯ್ತು ಅಮ್ಮಾವ್ರೆ. ಒಂದ್ ಸಲದ್ದೇ ಕೊಡಿ. ಹನ್ನೊಂದು ಬಟ್ಟೆ, ಎಂಟ್ರಂಗೆ ಎಂಬತ್ತೆಂಟು."

ಅತ್ತೆ ಒಳಗಿಂದ ಐನೂರರ ನೋಟು ತಂದರು. ಅವಳು ತಗೊಳ್ಳಲಿಲ್ಲ. ಮಾವ ಜೇಬಿನಿಂದ ನೂರು ತೆಗೆದುಕೊಟ್ಟರು. ಸೆರಗಿನ ತುದಿ ಬಿಚ್ಚಿ ಹನ್ನೆರಡು ರೂಪಾಯಿ ಚಿಲ್ಲರೆ ಎಣಿಸಿ ಮಾವನ ಕೈಗೆ ಹಾಕಿ, ಗೇಟು ಎಳೆದುಕೊಂಡು, ಆಚೆಯಿಂದ ಕೈ ಹಾಕಿ ಚಿಲಕ ಹಾಕಿ ಹೋದಳು.